ಮೆಚ್ಚಿನ ಪಟ್ಟಿಯೂ ಸುಳಾದಿಯೂ

ವರ್ಷವೊಂದು ಕಳೆಯುತ್ತ ಬಂದಿತೆಂದರೆ ಸಂಗೀತರಸಿಕರೆನಿಸಿಕೊಂಡವರಲ್ಲಿ ಒಂದು ವಾಡಿಕೆಯು ತಲೆಯೆತ್ತುತ್ತದೆ. ಆ ವರ್ಷ ಹೊರಬಂದ ಧ್ವನಿಮುದ್ರಿಕೆಗಳಲ್ಲಿ ತಮಗೆ ಮೆಚ್ಚುಗೆಯಾದ ಹತ್ತನ್ನು ಆರಿಸಿ, ಮೊದಲನೆಯದು ಇದು, ಎರಡನೆಯದು ಇದು ಎಂದು ಸಾಲುಗಟ್ಟಿಸಿ, ಬಂಧುಮಿತ್ರರಿಗೆ ತಿಳಿಯಪಡಿಸುವುದೇ ಆ ವಾಡಿಕೆ. ಪಶ್ಚಿಮದ ಪತ್ರಿಕೆಗಳಿಂದ ಬಂದ ಈ ಪದ್ಧತಿಯು ಈಗ ರಾಯಚೂರು ಸೀಮೆಯ ವಿದ್ಯಾವಂತರ ಮನೆಗಳನ್ನೂ ಹೊಕ್ಕಿದೆ. ಮೆಚ್ಚುವುದು ಬಿಡುವುದು ಕೇಳುವವನ ಸ್ವಾತಂತ್ರ್ಯ. ಅದರಲ್ಲಿ ವ್ಯಾಜ್ಯ ಹೂಡುವವನು ಅರಸಿಕನೇ ಸರಿ. ಆದರೆ ಇಂಥ ಪಟ್ಟಿಯು ಕೇಳುವವನ ರುಚಿಯನ್ನು ತೋರಿಸುತ್ತದೆಯೇ ಮುಚ್ಚುತ್ತದೆಯೇ ಎಂಬುದು ವ್ಯಾಜ್ಯಕ್ಕೆ ಅರ್ಹವಾದ ಪ್ರಶ್ನೆಯಾಗಿದೆ.

ಕಲ್ಮಲದಂಥ ಊರಿನ ಒಂದು ಮನೆಯನ್ನೇ ನೋಡಬಹುದು. ಬೆಳಗಿನ ಹೊತ್ತು ಅಲ್ಲಿ ಕೇಳಿಬರುವುದು 2011ರಲ್ಲಿ ಕಾಲವಾದ ಭೀಮಸೇನ ಜೋಶಿಯವರ ದಾಸರ ಪದ. ಸೋಮವಾರ ಸಂಜೆಗೆ ಈ ಜಿಲ್ಲೆಯವರೇ ಆದ ಸಿದ್ಧರಾಮ ಜಂಬಲದಿನ್ನಿಯವರ ವಚನಗಾಯನ. ಅವರು ತೀರಿಕೊಂಡು ಮೂವತ್ತು ವರ್ಷಗಳ ಮೇಲಾಯಿತು. ವರ್ಷವೆಲ್ಲ ಕಿವಿಗೂ ಮನಸ್ಸಿಗೂ ಅನ್ನವಿಕ್ಕಿದವರು ಇವರು. ಆದರೆ ಡಿಸೆಂಬರು ಬಂದೊಡನೆ ಮನೆಯ ರಸಿಕ ಮಹಾಶಯನು ಬರೆಯುವ ಪಟ್ಟಿಯಲ್ಲಿ ಇವರಿಗೆ ಎಡೆಯಿಲ್ಲ. ಏಕೆಂದರೆ ಇವರು ಆ ವರ್ಷ ಹುಟ್ಟಿದವರಲ್ಲ! ಹೋದ ವರ್ಷ ಹುಟ್ಟಿದ ಕೂಸುಗಳನ್ನು ಮಾತ್ರ ಎಣಿಸಿ ಮನೆಯಲ್ಲಿರುವ ಮಂದಿ ಇಷ್ಟೇ ಎಂದು ಜನಗಣತಿಯವನಿಗೆ ಬರೆಸಿದಂತಾಯಿತು.

‘ಆಲ್ಬಮ್’ ಎಂಬ ಹೆಸರಾದರೂ ಮೊದಲಿಗೆ ಹಾಡಿನದಲ್ಲ. ಹಳೆಯ ಗ್ರಾಮಫೋನು ತಟ್ಟೆಯ ಒಂದು ಮಗ್ಗುಲಲ್ಲಿ ಮೂರು ಮೂರೂವರೆ ನಿಮಿಷಕ್ಕಿಂತ ಹೆಚ್ಚು ಹಿಡಿಯುತ್ತಿರಲಿಲ್ಲವಾದುದರಿಂದ, ಹಲವು ತಟ್ಟೆಗಳನ್ನು ಭಾವಚಿತ್ರಗಳ ಪುಸ್ತಕದಂತೆ ರಟ್ಟಿನಲ್ಲಿ ಕಟ್ಟಿ ಮಾರಿದರು. ಆ ಕಟ್ಟಿಗೆ ಬಿದ್ದ ಹೆಸರು ಅದು. ತಟ್ಟೆ ಹೋಯಿತು, ರಟ್ಟು ಹೋಯಿತು, ಹೆಸರು ಉಳಿಯಿತು. ಹೆಸರಿನ ಜತೆಗೆ ಮೂರು ನಿಮಿಷದ ಅಭ್ಯಾಸವೂ ಉಳಿದದ್ದೇ ಅನರ್ಥಕ್ಕೆ ಕಾರಣವಾಯಿತು.

ಆ ಅನರ್ಥವನ್ನು ಕಾಣಲು ಕಲ್ಮಲದ ಕೂಡುರಸ್ತೆಗಿಂತ ಒಳ್ಳೆಯ ಸ್ಥಳವಿಲ್ಲ. ರಾಯಚೂರಿನಿಂದ ಹೊರಟ ದಾರಿಯು ಅಲ್ಲಿ ಕವಲೊಡೆದು, ಒಂದು ಮಾನವಿ ಸಿಂಧನೂರುಗಳ ಕಡೆಗೂ ಇನ್ನೊಂದು ಗಬ್ಬೂರಿನ ಮೇಲೆ ದೇವದುರ್ಗದ ಕಡೆಗೂ ಸಾಗುತ್ತವೆ. ಮಾನವಿ ಸೀಮೆಯ ಚೀಕಲಪರ್ವಿಯು ವಿಜಯದಾಸರ ಜನ್ಮಭೂಮಿ. ಅದೇ ಸೀಮೆಯ ಬ್ಯಾಗವಾಟವು ಜಗನ್ನಾಥದಾಸರದು. ದೇವದುರ್ಗದ ಸೀಮೆಯ ಮೊಸರಕಲ್ಲು ಗೋಪಾಲದಾಸರದು. 1682ರಲ್ಲಿ ಜನಿಸಿದ ವಿಜಯದಾಸರಿಗೆ ಗೋಪಾಲದಾಸರು ಶಿಷ್ಯರು, ಗೋಪಾಲದಾಸರಿಗೆ ಜಗನ್ನಾಥದಾಸರು ಶಿಷ್ಯರು. ಹೀಗೆ ಎರಡು ದಾರಿಗಳ ನಡುವಣ ಈ ನೆಲದಲ್ಲಿ ಮೂರು ತಲೆಮಾರು ದಾಸಸಾಹಿತ್ಯದ ಎರಡನೆಯ ಕೊಯ್ಲು ನಡೆಯಿತು. ಆ ಕೊಯ್ಲಿನ ತುಂಬು ತೆನೆಯೆಂದರೆ ಸುಳಾದಿ.

ಸುಳಾದಿಯು ಕೀರ್ತನೆಯಂತೆ ಪಲ್ಲವಿಗೆ ಮತ್ತೆ ಮತ್ತೆ ಹಿಂದಿರುಗುವ ಹಾಡಲ್ಲ. ಒಂದೇ ವಿಷಯವನ್ನು ಧ್ರುವ, ಮಟ್ಟ, ರೂಪಕ, ಝಂಪೆ, ತ್ರಿವಿಡಿ, ಅಟ್ಟ, ಆದಿ ಎಂದು ಐದೋ ಆರೋ ಏಳೋ ತಾಳಗಳ ಮೂಲಕ ನಡೆಸಿಕೊಂಡು ಹೋಗಿ, ಕೊನೆಗೆ ಜತೆಯೆಂಬ ಎರಡು ಸಾಲಿನಲ್ಲಿ ನಿಲ್ಲಿಸತಕ್ಕ ರಚನೆ ಅದು. ತಾಳವು ಬದಲಾದಂತೆ ಮಾತಿನ ನಡಿಗೆಯೂ ಬದಲಾಗುತ್ತದೆ: ಧ್ರುವದಲ್ಲಿ ಗಂಭೀರವಾಗಿ ಪ್ರತಿಪಾದಿಸಿದ್ದು ತ್ರಿವಿಡಿಗೆ ಬರುವಷ್ಟರಲ್ಲಿ ಮೊರೆಯಾಗಬಹುದು, ಅಟ್ಟಕ್ಕೆ ಬಂದಾಗ ಜಗಳವೇ ಆಗಬಹುದು. ನಿಧಾನವಾಗಿ ಹಾಡಿದರೆ ಅರ್ಧ ಗಂಟೆ ಸಾಲದು. ದೀರ್ಘವಾದ ವಾದವನ್ನು ಲಯದಲ್ಲಿಯೇ ಕಟ್ಟುವ ಇಂಥ ರೂಪವು ಕನ್ನಡದಲ್ಲಿ ಬೇರೊಂದಿಲ್ಲ.

ಇದನ್ನು ವರ್ಷದ ಪಟ್ಟಿಗಳಲ್ಲಿ ಯಾರಾದರೂ ಕಂಡಿರುವರೇ? ದಾಸರ ಪದಗಳ ಆಲ್ಬಮ್ ಆ ಪಟ್ಟಿಗಳಲ್ಲಿ ಇಲ್ಲದೆ ಇಲ್ಲ. ಆದರೆ ಬರುವವು ಅವೇ ಹದಿನೈದಿಪ್ಪತ್ತು ಕೀರ್ತನೆಗಳು. ಹೊಸ ಮುದ್ರಿಕೆಯೆಂಬುದರಲ್ಲಿ ಹೊಸದಾಗಿರುವುದು ಕಂಠವೂ ಕೀಬೋರ್ಡೂ ಮಾತ್ರ. ಕೀರ್ತನೆಗೆ ಏಳು ನುಡಿಯಿದ್ದರೆ ಮೂರನ್ನು ಹಾಡಿ, ಅಂಕಿತದ ನುಡಿಯನ್ನು ಹೇಗೋ ಸೇರಿಸಿ, ನಡುವಿನದನ್ನು ನುಂಗಿಬಿಡುವುದು ಸಾಮಾನ್ಯವಾಗಿದೆ. ತತ್ವಪದಕಾರರ ಪಾಡು ಇನ್ನೂ ಕಷ್ಟ. ಅವರ ಅಂಕಿತವನ್ನು ಹಾಡಿನಲ್ಲಿಯೇ ಕೇಳಿಸಿಕೊಂಡೂ ಮೇಲೆ ‘ಜಾನಪದ’ ಎಂದು ಬರೆಯುವವರಿದ್ದಾರೆ.

ಸುಳಾದಿಗಳ ಮುದ್ರಿಕೆಗಳು ಉಂಟಲ್ಲ ಎಂದು ಪಟ್ಟಿಯ ಪಕ್ಷದವರು ಆಕ್ಷೇಪಿಸಬಹುದು. ಉಂಟು, ಅಲ್ಲಗಳೆಯುವಂತಿಲ್ಲ. ದುರ್ಗಾಸುಳಾದಿ, ನರಸಿಂಹಸುಳಾದಿ, ಧನ್ವಂತರಿಸುಳಾದಿಗಳು ಎಲ್ಲೆಲ್ಲಿಯೂ ದೊರೆಯುತ್ತವೆ. ಆದರೆ ಅವು ದೊರೆಯುವುದು ಔಷಧದ ಶೀಸೆಯಂತೆ: ಇದು ಭಯಕ್ಕೆ, ಇದು ಜ್ವರಕ್ಕೆ ಎಂದು ಚೀಟಿ ಅಂಟಿಸಿಕೊಂಡು! ಬಹುಮಟ್ಟಿಗೆ ಪಾರಾಯಣದ ಒಂದೇ ಧಾಟಿಯಲ್ಲಿ ಸಾಗುವುದರಿಂದ ಎಲ್ಲಿ ಧ್ರುವ ಮುಗಿಯಿತು, ಎಲ್ಲಿ ಮಟ್ಟ ಮೊದಲಾಯಿತು ಎಂಬುದು ಕೇಳುವವನಿಗೆ ತಿಳಿಯುವುದೇ ಇಲ್ಲ. ಭಕ್ತರು ಫಲಕ್ಕಾಗಿ ಕೇಳುವುದರಲ್ಲಿ ದೋಷವಿಲ್ಲ. ಪಾರಾಯಣಕ್ಕೆ ಅದರದೇ ಆದ ಮರ್ಯಾದೆಯುಂಟು. ದೋಷವಿರುವುದು ರಸಿಕನಲ್ಲಿ. ಅವನು ಇದನ್ನು ದೇವರ ಮನೆಗೆ ಸೇರಿದ್ದೆಂದು ಬದಿಗಿಟ್ಟು, ಸಂಗೀತವೆಂದು ಗಣಿಸುವುದನ್ನೇ ಬಿಟ್ಟನು.

ಎರಡನೆಯ ಆಕ್ಷೇಪವು ಉದ್ದದ್ದು: ಅಷ್ಟು ಹೊತ್ತು ಯಾರು ಕೇಳುತ್ತಾರೆ? ಈ ಮಾತನ್ನು ಹೇಳುವ ಮಹಾಶಯನ ಪಟ್ಟಿಯಲ್ಲಿಯೇ ಒಂದು ಗಂಟೆಯ ಖ್ಯಾಲು ಮೂರನೆಯ ಸ್ಥಾನದಲ್ಲಿರುತ್ತದೆ. ಭಜನೆಯವರು ಈ ಸೀಮೆಯಲ್ಲಿ ಏಕಾದಶಿಯ ರಾತ್ರಿಯನ್ನು ಹಾಡಿಯೇ ಬೆಳಗು ಮಾಡುವರು. ತಾಳ್ಮೆಯು ಇಲ್ಲದ್ದಲ್ಲ. ಯಂತ್ರದ ಅಡ್ಡಿಯೂ ಈಗಿಲ್ಲ. 1902ರಲ್ಲಿ ಕಲಕತ್ತೆಯಲ್ಲಿ ಗೌಹರ್ ಜಾನಳು ತಟ್ಟೆಗೆ ಹಾಡಿದಾಗ ಮೂರು ನಿಮಿಷದೊಳಗೆ ರಾಗವನ್ನು ಅಡಕಬೇಕಾಗಿತ್ತು. ಅದು ಆ ಕಾಲದ ಬಡತನ. 1948ರಲ್ಲಿ ಬಂದ ದೀರ್ಘ ತಟ್ಟೆಯು ಮಗ್ಗುಲಿಗೆ ಇಪ್ಪತ್ತು ನಿಮಿಷಕ್ಕೂ ಮೀರಿ ಕೊಟ್ಟಿತು, ಕ್ಯಾಸೆಟ್ಟು ಅರ್ಧ ಗಂಟೆ ಕೊಟ್ಟಿತು, ಇಂದು ಮೊಬೈಲಿನಲ್ಲಿ ಕೇಳುವ ಹಾಡಿಗೆ ಉದ್ದದ ಕಟ್ಟಳೆಯೇ ಇಲ್ಲ. ಕಣಜವು ಹಿಗ್ಗುತ್ತ ಹೋದರೂ ಅಳೆಯುವ ಪಾವು ಮಾತ್ರ ಮೂರು ನಿಮಿಷದ್ದೇ!

ಸ್ವರಲಿಪಿಯು ದಾಸರಿಂದ ಉಳಿದು ಬಂದಿಲ್ಲವೆಂಬುದೇ ಮೂರನೆಯದು, ಮೂರರಲ್ಲಿ ತೂಕವುಳ್ಳದ್ದೂ ಇದೇ. ಆದರೆ ಕೀರ್ತನೆಗಳಿಗೆ ಮಾತ್ರ ಅದು ಉಳಿದಿದೆಯೇ? ಪುರಂದರದಾಸರ ‘ಭಾಗ್ಯದ ಲಕ್ಷ್ಮೀ ಬಾರಮ್ಮ’ವನ್ನು ದಕ್ಷಿಣಾದಿಯವರು ಮಧ್ಯಮಾವತಿಯಲ್ಲೋ ಶ್ರೀರಾಗದಲ್ಲೋ ಹಾಡುವರು, ಭೀಮಸೇನ ಜೋಶಿಯವರು ತಮ್ಮ ಹಿಂದುಸ್ತಾನಿ ಧಾಟಿಯಲ್ಲಿ ಹಾಡಿದರು, ಯಾರೂ ತಕರಾರು ಮಾಡಲಿಲ್ಲ. ವಚನಗಳ ಸಂಗತಿಯಂತೂ ಇನ್ನೂ ಸ್ಪಷ್ಟ. ಅವಕ್ಕೆ ತಲೆಬರಹದಲ್ಲಿ ರಾಗವೂ ಇಲ್ಲ, ತಾಳವೂ ಇಲ್ಲ. ಗದ್ಯವೋ ಪದ್ಯವೋ ಎಂದು ಪಂಡಿತರಲ್ಲಿ ಇನ್ನೂ ವಾದವಿದೆ. ಅಂಥವನ್ನು ಮಲ್ಲಿಕಾರ್ಜುನ ಮನಸೂರರೂ ಜಂಬಲದಿನ್ನಿಯವರೂ ಸಭೆಯನ್ನು ನಡುಗಿಸುವಂತೆ ಹಾಡಿ ತೋರಿಸಿದರು. ತಾಳವಿಲ್ಲದ ವಚನಕ್ಕೆ ಹಾಡುವವರು ದೊರೆತಿರಲು, ಭಾಗಭಾಗಕ್ಕೂ ತಾಳದ ಹೆಸರನ್ನು ಹೊತ್ತು ನಿಂತಿರುವ ಸುಳಾದಿಗೆ ದೊರೆಯಲಾರದೆಂದರೆ ಯಾರು ನಂಬಿಯಾರು?

ಕಾಲವು ಮಾತ್ರ ಕಾಯುವಂತಿಲ್ಲ. ಪುಸ್ತಕವಿಲ್ಲದೆ ಸುಳಾದಿಗಳನ್ನು ಹೇಳುವ ಮುದುಕಿಯರು ಮಾನವಿ, ದೇವದುರ್ಗ ಸೀಮೆಗಳ ಮನೆಗಳಲ್ಲಿ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ತೊಡೆಯ ಮೇಲೆ ಬೆರಳೆಣಿಸುತ್ತ ಅವರು ಹೇಳುವ ಧಾಟಿಯಲ್ಲಿ ಹಳೆಯ ತಾಳದ ಎಷ್ಟು ಅಂಶ ಉಳಿದಿದೆಯೆಂದು ಪರೀಕ್ಷಿಸಬೇಕಾದರೆ ಮೊದಲು ಅದನ್ನು ಹಿಡಿದಿಡಬೇಕು. ಹಿಡಿಯುವ ಯಂತ್ರವು ಮೊಮ್ಮಗನ ಜೇಬಿನಲ್ಲಿಯೇ ಇದೆ. ಅವನು ಅದರಲ್ಲಿ ವರ್ಷದ ಹತ್ತು ಆಲ್ಬಮ್‌ಗಳ ಪಟ್ಟಿಯನ್ನು ಬರೆಯುತ್ತ ಕುಳಿತಿದ್ದಾನೆ.

ಕಾರ್ತಿಕ ಶುದ್ಧ ದಶಮಿಯಂದು ವಿಜಯದಾಸರ ಆರಾಧನೆ. ಅಂದು ಊರೂರಿಗೂ ಗಾಯಕರನ್ನು ಕರೆಸಿ, ಸಂಭಾವನೆಯಿತ್ತು ಹಾಡಿಸುವ ಪದ್ಧತಿಯಿದೆ. ಕರೆಸುವವರು ವೀಳ್ಯ ಕೊಡುವಾಗಲೇ ಒಂದು ಕರಾರು ಹಾಕಬಹುದು: ಕೀರ್ತನೆಗಳು ಎಷ್ಟಾದರೂ ಇರಲಿ, ಒಂದು ಸುಳಾದಿಯನ್ನು ಧ್ರುವದಿಂದ ಜತೆಯವರೆಗೆ, ಒಂದು ನುಡಿಯನ್ನೂ ನುಂಗದೆ, ಆಯಾ ತಾಳದಲ್ಲಿಯೇ ಹಾಡತಕ್ಕದ್ದು, ಹಾಡಿದ್ದನ್ನು ಅಲ್ಲಿಯೇ ಮುದ್ರಿಸಿಕೊಳ್ಳತಕ್ಕದ್ದು. ಆ ವರ್ಷದ ಡಿಸೆಂಬರಿನಲ್ಲಿ ಪಟ್ಟಿಗಾರನಿಗೂ ಅದನ್ನು ಹತ್ತರಲ್ಲಿ ಸೇರಿಸಲು ಅಡ್ಡಿಯಿರದು. ಅದು ಆ ವರ್ಷವೇ ಹುಟ್ಟಿದ್ದಾಗಿರುತ್ತದೆ.