ಬೇಸಗೆಯ ರಜೆಯೂ ಠಾಣೆಯ ಬಾಗಿಲೂ

ಪ್ರತಿವರ್ಷವೂ ಏಪ್ರಿಲ್ ತಿಂಗಳಲ್ಲಿ ಶಾಲೆ ಮುಚ್ಚುವ ದಿನ ನಮ್ಮ ಹುಡುಗಿಯರು ಹರ್ಷದಿಂದ ಮನೆಗೆ ಓಡುತ್ತಾರೆ. ನಾವಾದರೋ ಹಾಜರಿಪುಸ್ತಕವನ್ನು ಮುಚ್ಚುವ ಮುನ್ನ ಹೆಸರುಗಳನ್ನು ಮತ್ತೊಮ್ಮೆ ಓದಿಕೊಳ್ಳುತ್ತೇವೆ. ಬೇಸಗೆ ಕಳೆದ ಮೇಲೆ ಇವರೆಲ್ಲರೂ ಹಿಂದಿರುಗುವರೇ ಎಂಬ ಚಿಂತೆಯೇ ಇದಕ್ಕೆ ಕಾರಣವಾಗಿದೆ. ಕೆಲವು ವರ್ಷಗಳ ಹಿಂದೆ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಬಾರದೆ ಹೋದಳು. ಅಕ್ಷಯ ತದಿಗೆಯಂದು ಆಕೆಯ ವಿವಾಹವು ನಡೆದುಹೋಗಿತ್ತು. ನೆರೆಯವರಿಗೆ ಇದು ಮೊದಲೇ ತಿಳಿದಿತ್ತು. ನಮ್ಮ ಪೂರ್ವ ವಿದ್ಯಾರ್ಥಿನಿಯೊಬ್ಬಳಿಗೂ ತಿಳಿದಿತ್ತು. ಒಬ್ಬರೂ ಬಾಯಿ ತೆರೆಯಲಿಲ್ಲ.

ಜಾತ್ರೆ, ದಿಬ್ಬಣ, ಉರಿಬಿಸಿಲಿನ ಕಾವಲು ಇವೆಲ್ಲವುಗಳ ನಡುವೆ ಇಂತಹ ಮದುವೆಗಳನ್ನು ತಡೆಯುವ ಭಾರವೂ ಪೋಲೀಸಿನವರ ಮೇಲಿರುತ್ತದೆ. 2006ರ ಕಾನೂನು 18 ವರ್ಷ ತುಂಬದ ಹುಡುಗಿಯ ವಿವಾಹವನ್ನು ನಿಷೇಧಿಸಿತು. ಕರ್ನಾಟಕದ 2016ರ ತಿದ್ದುಪಡಿಯು ಅಂತಹ ವಿವಾಹವು ಮೊದಲಿನಿಂದಲೇ ಅಸಿಂಧುವೆಂದು ವಿಧಿಸಿತು. 2015ರ ಬಾಲನ್ಯಾಯ ಕಾನೂನಿನಂತೆ ಮಕ್ಕಳಿಗಾಗಿರುವ ಜಿಲ್ಲೆಯ ವಿಶೇಷ ಪೋಲೀಸ್ ಘಟಕದಲ್ಲಿ ಇಬ್ಬರು ಸಮಾಜಸೇವಕರಿರತಕ್ಕದ್ದು, ಅವರಲ್ಲೊಬ್ಬರು ಸ್ತ್ರೀಯಾಗಿರತಕ್ಕದ್ದು. ಈ ಕಡೆಯ ಮಾತು ನಮಗೆ ಬಹಳ ಮೆಚ್ಚಿಗೆಯಾಯಿತು. ಖಾಕಿಯನ್ನು ಕಂಡು ನಡುಗುವ ಹುಡುಗಿಯು ಸೀರೆಯುಟ್ಟ ಅಕ್ಕನೊಡನೆ ಮಾತನಾಡಿಯಾಳು!

ಚಪ್ಪರವನ್ನು ಬಿಚ್ಚಿಸುವುದು ಒಂದು ಗಂಟೆಯ ಕೆಲಸ. ಪೋಲೀಸಿನವರು ಹೊರಟುಹೋದ ಮೇಲೆ ಅದೇ ಮನೆ, ಅದೇ ಸಾಲ, ಅದೇ ಬಂಧುಗಳ ಬಿರುನುಡಿ ಹುಡುಗಿಗೆ ಉಳಿಯುತ್ತವೆ. ಆಗ ತಾಯಿಯ ಬಳಿ ಕುಳಿತು ಸಮಾಧಾನ ಹೇಳುವುದು, ವಸತಿಗೃಹದಲ್ಲಿ ಸ್ಥಳ ದೊರಕಿಸುವುದು, ಪುಸ್ತಕ ಕೊಡಿಸುವುದು ಸೇವಾಸಂಘಗಳವರಿಂದಲೇ ಆಗತಕ್ಕ ಕಾರ್ಯ. ಮಕ್ಕಳ ಸಹಾಯಕ್ಕೆಂದಿರುವ 1098 ಎಂಬ ದೂರವಾಣಿಯೂ 1996ರಲ್ಲಿ ಮುಂಬಯಿಯಲ್ಲಿ ಸಮಾಜಸೇವಕರ ಪ್ರಯತ್ನದಿಂದಲೇ ಹುಟ್ಟಿತು. 2023ರಿಂದ ಸರಕಾರವು ಅದನ್ನು ತಾನೇ ನಡೆಸುತ್ತಿದೆ. ಹಗಲಿರುಳೂ ಕರೆ ಮಾಡಬಹುದು, ಕಾಸಿನ ಖರ್ಚಿಲ್ಲ.

ಠಾಣೆಗೆ ತಿಳಿಸಿದರೆ ಮನೆಯ ಮಾನ ಬೀದಿಗೆ ಬಂದೀತೆಂದು ಕೆಲವು ಪೋಷಕರು ನಮ್ಮೊಡನೆ ವಾದಿಸಿದ್ದಾರೆ. ನಾವು ಇದನ್ನು ಒಪ್ಪಲಾರೆವು. ಆದರೆ ಕೂಲಿಗೆ ಹೋಗುವ ತಾಯಿಯೊಬ್ಬಳು, "ಅಮ್ಮಾವ್ರೇ, ರಜೆಯಲ್ಲಿ ಬೆಳೆದ ಮಗಳನ್ನು ಯಾರ ವಶಕ್ಕೆ ಬಿಟ್ಟುಹೋಗಲಿ?" ಎಂದು ಕೇಳಿದಾಗ ನಮಗೆ ಉತ್ತರ ಹೊಳೆಯಲಿಲ್ಲ. ಕಾನೂನಿನ ಪುಸ್ತಕದಲ್ಲಿಯೂ ಅದಕ್ಕೆ ಉತ್ತರವಿಲ್ಲ.

ಆದಕಾರಣ ಬರುವ ಮೇ ತಿಂಗಳಲ್ಲಿ ಶಾಲೆಯ ಜಗಲಿಯನ್ನು ಬೆಳಗಿನಿಂದ ಸಂಜೆಯವರೆಗೆ ತೆರೆದಿಡಬೇಕೆಂದು ನಿಶ್ಚಯಿಸಿದ್ದೇವೆ. ಹೊಲಿಗೆಯನ್ನಾಗಲಿ ಲೆಕ್ಕವನ್ನಾಗಲಿ ಕಲಿಸಬಲ್ಲ ಪೂರ್ವ ವಿದ್ಯಾರ್ಥಿನಿಯರು ತಮಗೆ ಅನುಕೂಲವಾದ ದಿನಗಳನ್ನು ನಮಗೆ ಬರೆದು ತಿಳಿಸಬೇಕು.