ಓದಿದ ಚೋಮ, ನೋಡಿದ ಚೋಮ

“ಪುಸ್ತಕದ ಮುಂದೆ ಸಿನಿಮಾ ಯಾವ ಲೆಕ್ಕ?” ನಮ್ಮ ಕಾಲೇಜಿನ ವರಾಂಡದಲ್ಲಿ ಈ ಮಾತು ಕೇಳಿಬರದ ದಿನವಿಲ್ಲ. ಕನ್ನಡವನ್ನು ಐಚ್ಛಿಕವಾಗಿ ಓದುವ ನಾವಂತೂ ಇದನ್ನು ವೇದವಾಕ್ಯವೆಂಬಂತೆ ಆಡುತ್ತೇವೆ. ಕಾದಂಬರಿಯನ್ನು ಓದಿ ಚಿತ್ರವನ್ನು ನೋಡಿದವರು ಹೇಳುತ್ತಾರೆ. ಓದದೆ, ನೋಡದೆ ಇರುವವರು ಇನ್ನೂ ಗಟ್ಟಿಯಾಗಿ ಹೇಳುತ್ತಾರೆ. ನಾನೂ ಮೊದಲ ವರ್ಷದಿಂದ ಹೇಳಿಕೊಂಡು ಬಂದವಳೇ. ಆ ಮಾತನ್ನು ನಾನೇಕೆ ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು ಎಂಬುದನ್ನು ಸಹಪಾಠಿಗಳ ಮುಂದೆ, ಅಧ್ಯಾಪಕ ವರ್ಗದವರ ಕ್ಷಮೆ ಕೋರಿ, ಇಲ್ಲಿ ನಿವೇದಿಸಿಕೊಳ್ಳುತ್ತೇನೆ.

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಅವ್ವನಿಗೆ ಸಹಿ ಹಾಕಲು ಬರುತ್ತದೆ, ಅಷ್ಟೆ. ಬಸ್ಸಿನ ಬೋರ್ಡು ಓದಲು ಬಾರದು. ಕಂಡಕ್ಟರನ ಕೂಗು ಕೇಳಿ ಹತ್ತುತ್ತಾಳೆ. ಕಳೆದ ದಸರಾ ರಜೆಯಲ್ಲಿ ಮನೆಗೆ ಹೋಗಿದ್ದಾಗ, ನಮಗೆ ಪಠ್ಯವಾಗಿದ್ದ ‘ಚೋಮನ ದುಡಿ’ಯ ಚಲಚ್ಚಿತ್ರವನ್ನು ಮೊಬೈಲಿನಲ್ಲಿ ಹಾಕಿ, ರಾಗಿಹಿಟ್ಟಿನ ಡಬ್ಬಕ್ಕೆ ಒರಗಿಸಿಟ್ಟುಕೊಂಡು ನೋಡುತ್ತ ಕುಳಿತಿದ್ದೆ. ಅವ್ವ ಅವರೆಕಾಯಿ ಬಿಡಿಸುತ್ತ ಪಕ್ಕಕ್ಕೆ ಬಂದು ಕೂತಳು. “ಇದೇನೇ, ಬಣ್ಣವೇ ಇಲ್ಲ” ಎಂದಳು. ಆಮೇಲೆ ಮಾತಾಡಲಿಲ್ಲ.

ಶಿವರಾಮ ಕಾರಂತರು ಈ ಕಾದಂಬರಿಯನ್ನು ಪ್ರಕಟಿಸಿದ್ದು 1933ರಲ್ಲಿ. ಬಿ. ವಿ. ಕಾರಂತರು ಅದನ್ನು ಚಿತ್ರವಾಗಿಸಿದ್ದು 1975ರಲ್ಲಿ. ಆ ವರ್ಷದ ಅತ್ಯುತ್ತಮ ಚಿತ್ರಕ್ಕೆ ಸಲ್ಲುವ ಸ್ವರ್ಣಕಮಲ ಅದಕ್ಕೆ ಬಂತು. ಚೋಮನಾಗಿ ನಟಿಸಿದ ಎಂ. ವಿ. ವಾಸುದೇವರಾಯರಿಗೆ ಅತ್ಯುತ್ತಮ ನಟ ಪ್ರಶಸ್ತಿ ಬಂತು. ಇಷ್ಟನ್ನು ನಾವು ಪರೀಕ್ಷೆಗೆ ಬರೆಯುತ್ತೇವೆ. ಆದರೆ ಈ ನಲವತ್ತೆರಡು ವರ್ಷಗಳ ಅಂತರದಲ್ಲಿ ಆ ಪುಸ್ತಕವನ್ನು ಯಾರು ಓದಿರಬಹುದು ಎಂದು ನಾನು ಯೋಚಿಸಿರಲಿಲ್ಲ. ಚೋಮನಿಗೆ ಅಕ್ಷರ ಬಾರದು. ಅವನ ಮಕ್ಕಳಿಗೂ ಬಾರದು. ಗೇಣು ಭೂಮಿಯ ಬೇಸಾಯಕ್ಕಾಗಿ ಹಂಬಲಿಸಿ, ಅದು ಸಿಗದೆ ಸತ್ತ ಮನುಷ್ಯನ ಕಥೆಯನ್ನು ಭೂಮಿಯಿದ್ದವರ ಮಕ್ಕಳೇ ಹೆಚ್ಚಾಗಿ ಓದಿರಬೇಕು.

ಇನ್ನು ದುಡಿಯ ವಿಷಯ. ನಾನು ಬಯಲುಸೀಮೆಯವಳು. ಕಾದಂಬರಿಯನ್ನು ಓದುವಾಗ ದುಡಿಯೆಂದರೆ ನಮ್ಮೂರ ತಮಟೆಯ ಹಾಗೆ ಇರಬೇಕೆಂದು ಊಹಿಸಿಕೊಂಡು ಮುಂದೆ ಸಾಗಿದ್ದೆ. ಹೆಸರಿನಲ್ಲೇ ದುಡಿಯಿರುವ ಪುಸ್ತಕದ ದುಡಿಯನ್ನೇ ನಾನು ಕೇಳಿರಲಿಲ್ಲ! ಚಿತ್ರದಲ್ಲಿ ಅದು ಕಿವಿಗೆ ಬೀಳುತ್ತದೆ. ಚೋಮ ಕುಡಿದಾಗ ಬಡಿಯುತ್ತಾನೆ, ಸಿಟ್ಟು ಬಂದಾಗ ಬಡಿಯುತ್ತಾನೆ, ಹೇಳಲು ಮಾತಿಲ್ಲದಾಗ ಬಡಿಯುತ್ತಾನೆ. ಚಿತ್ರಕ್ಕೆ ಸಂಗೀತವೂ ಬಿ. ವಿ. ಕಾರಂತರದೇ, ರಂಗಭೂಮಿಯಲ್ಲಿ ಪಳಗಿದ ಆ ಕೈಗೆ ಸದ್ದಿನ ಬೆಲೆ ಗೊತ್ತಿತ್ತು. ಕೊನೆಗೆ ಚೋಮ ಗುಡಿಸಲೊಳಗೆ ಸೇರಿಕೊಂಡು ಬಾರಿಸುತ್ತಲೇ ಪ್ರಾಣ ಬಿಡುವಾಗ, ಆ ಸದ್ದು ಯಾವಾಗ ನಿಂತೀತೋ ಎಂದು ಕಾಯುವ ಸಂಕಟವನ್ನು ಅಚ್ಚಿನ ಪುಟ ಕೊಡಲಾರದು. ಪುಟವನ್ನು ನಾವು ಬೇಕಾದಾಗ ಮಗುಚಬಹುದಲ್ಲ!

ಅವ್ವ ಮಾತಾಡಿದ್ದು ಹೊಳೆಯ ದೃಶ್ಯದ ಮೇಲೆ. ಚೋಮನ ಕಿರಿಯ ಮಗ ನೀರಿನಲ್ಲಿ ಮುಳುಗುತ್ತಾನೆ. ಮುಟ್ಟಿದರೆ ಮೈಲಿಗೆಯೆಂದು ಯಾರೂ ಎತ್ತುವುದಿಲ್ಲ. ಅವಳ ಕೈ ಅವರೆಕಾಯಿಯ ಮೇಲೆ ನಿಂತಿತು. ಸ್ವಲ್ಪ ಹೊತ್ತು ಬಿಟ್ಟು ಹೇಳಿದಳು: “ನಾನು ಚಿಕ್ಕವಳಿದ್ದಾಗ ಕೇರಿಯವರು ಕೊಡ ಇಟ್ಕೊಂಡು ಬಾವಿ ಹತ್ರ ದೂರಕ್ಕೆ ನಿಂತಿರೋರು ಕಣೇ. ನಾವು ಸೇದಿ ಹುಯ್ಯಬೇಕಾಗಿತ್ತು. ನಾನು ಬೇಕಂತಲೇ ತಡ ಮಾಡ್ತಿದ್ದೆ. ಆಟ ನಂಗೆ.”

ನನ್ನ ಅವ್ವ ಕೆಟ್ಟವಳಲ್ಲ. ಈ ಮಾತನ್ನು ಅವಳು ಯಾರಿಗೂ ಹೇಳಿದ್ದಂತೆ ಕಾಣೆ. ಇಲ್ಲಿ ಬರೆಯಲು ಅವಳ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ. ‘ಚೋಮನ ದುಡಿಯಲ್ಲಿ ಅಸ್ಪೃಶ್ಯತೆಯ ಸಮಸ್ಯೆ’ ಎಂಬ ಹತ್ತು ಅಂಕದ ಪ್ರಶ್ನೆಗೆ ನಾನು ಎಂಟೂವರೆ ಪಡೆದವಳು. ಸಮಾಜ ಎಂದು ಬರೆದಿದ್ದೆ, ಶೋಷಣೆ ಎಂದು ಬರೆದಿದ್ದೆ. ನಮ್ಮೂರ ಬಾವಿ ಆ ಉತ್ತರದಲ್ಲಿ ಎಲ್ಲೂ ಇರಲಿಲ್ಲ. ಓದುವಾಗ ನಾನು ಚೋಮನ ಜೊತೆಗೇ ಇದ್ದೆನೆಂದು ತಿಳಿದಿದ್ದೆ. ಅವ್ವ ಮಾತ್ರ ದಡದ ಮೇಲೆ ನಿಂತವರಲ್ಲಿ ತನ್ನನ್ನು ಗುರುತಿಸಿಕೊಂಡಳು. ಪುಸ್ತಕವನ್ನು ಹೆಚ್ಚು ಚೆನ್ನಾಗಿ ‘ಓದಿದವರು’ ನಮ್ಮಿಬ್ಬರಲ್ಲಿ ಯಾರು?

ಹಾಗೆಂದು ಚಿತ್ರವೇ ಮೇಲು ಎಂದು ವಾದಿಸಹೊರಟಿಲ್ಲ. ಮತಾಂತರವಾದರೆ ಭೂಮಿ ಸಿಕ್ಕೀತೆಂಬ ಆಸೆಗೂ ತನ್ನ ದೈವದ ಮೇಲಿನ ಭಯಭಕ್ತಿಗೂ ನಡುವೆ ಚೋಮನ ಮನಸ್ಸು ತೂಗಾಡುವುದನ್ನು ಕಾದಂಬರಿಯಲ್ಲಿ ಅವನ ಒಳಗೇ ಕೂತು ನೋಡುತ್ತೇವೆ. ಪರದೆಯ ಮೇಲೆ ಮುಖವನ್ನಷ್ಟೇ ತೋರಿಸಲು ಸಾಧ್ಯ. ಆ ಮುಖವೂ ಒಂದು ಸೆರೆಯೇ. ವಾಸುದೇವರಾಯರನ್ನು ನೋಡಿದ ಮೇಲೆ ನಾನು ಕಟ್ಟಿಕೊಂಡಿದ್ದ ಚೋಮ ಎಲ್ಲಿ ಹೋದನೋ, ಎಷ್ಟು ಕರೆದರೂ ಬರಲೊಲ್ಲ. ‘ನಾಗರಹಾವು’ವಿನ ಕಥೆಯೂ ಇದೇ. ತ. ರಾ. ಸು. ಅವರ ಮೂರು ಕಾದಂಬರಿಗಳನ್ನು ಬೆಸೆದು ಪುಟ್ಟಣ್ಣ ಕಣಗಾಲರು 1972ರಲ್ಲಿ ತೆಗೆದ ಆ ಚಿತ್ರವನ್ನು ಕಂಡವರಿಗೆ ರಾಮಾಚಾರಿ ಎಂದರೆ ವಿಷ್ಣುವರ್ಧನ್, ಚಾಮಯ್ಯ ಮೇಷ್ಟ್ರು ಎಂದರೆ ಅಶ್ವತ್ಥ್, ಬೇರೆ ಮಾತಿಲ್ಲ. ಮೂರು ಪುಸ್ತಕಗಳನ್ನು ಒಂದು ಸಂಜೆಯೊಳಗೆ ತುರುಕಿದಾಗ ಏನೇನು ಉದುರಿತೆಂಬುದನ್ನು ಓದಿದವರು ಮಾತ್ರ ಬಲ್ಲರು. ಆದರೆ ಚಿತ್ರ ನೋಡಿದ ಬಳಿಕ ಪುಸ್ತಕವನ್ನು ಹುಡುಕಿಕೊಂಡು ಬಂದವರ ಪೈಕಿ ನಾನೂ ಒಬ್ಬಳು. ಗ್ರಂಥಾಲಯದ ಪ್ರತಿಯಲ್ಲಿ ಕೊನೆಯ ಹಾಳೆಗಳಿರಲಿಲ್ಲ ಎಂಬುದು ಬೇರೆ ಮಾತು.

ಈ ವಿಷಯದಲ್ಲಿ ಪೂರ್ಣಚಂದ್ರ ತೇಜಸ್ವಿಯವರ ‘ಅಬಚೂರಿನ ಪೋಸ್ಟಾಫೀಸು’ ನನಗೆ ಬಹಳ ಪ್ರಿಯವಾದ ಸಂಕಲನ. ಸಣ್ಣ ಪುಸ್ತಕ. ಅದರ ಹೆಸರಿನ ಕಥೆ 1973ರಲ್ಲಿ ಎನ್. ಲಕ್ಷ್ಮೀನಾರಾಯಣರ ಕೈಯಲ್ಲಿ ಚಿತ್ರವಾಯಿತು. ಐವತ್ತು ವರ್ಷಗಳ ಮೇಲೆ, 2023ರಲ್ಲಿ, ಅದೇ ಸಂಕಲನದ ಮುಸ್ತಫಾ ‘ಡೇರ್‌ಡೆವಿಲ್ ಮುಸ್ತಫಾ’ ಆಗಿ ತೆರೆಗೆ ಬಂದ. ತೇಜಸ್ವಿಯವರ ಓದುಗರೇ ಕೈಯಿಂದ ಹಣ ಹಾಕಿ ತೆಗೆಸಿದ ಚಿತ್ರವದು. ಕೆಲವು ಪುಟಗಳ ಕಥೆಯನ್ನು ಎರಡು ಗಂಟೆ ಮೀರಿ ಎಳೆದಿದ್ದಾರೆಂದು ನನಗೆ ಅನ್ನಿಸಿತಾದರೂ, ಕಾಲೇಜಿಗೆ ಹೊಸದಾಗಿ ಕಾಲಿಟ್ಟ ಹುಡುಗನನ್ನು ಇಡೀ ತರಗತಿ ಬೆರಗಿನಿಂದಲೂ ಅನುಮಾನದಿಂದಲೂ ನೋಡುವ ಪರಿ ನಮಗ್ಯಾರಿಗೂ ಅಪರಿಚಿತವಲ್ಲ.

ಎಲ್ಲಕ್ಕಿಂತ ಹೆಚ್ಚಾಗಿ ‘ತಬರನ ಕಥೆ’. ಗಿರೀಶ ಕಾಸರವಳ್ಳಿಯವರ ಈ ಚಿತ್ರಕ್ಕೆ 1986ರ ಸ್ವರ್ಣಕಮಲ ಬಂತು, ತಬರನಾದವರು ಚಾರುಹಾಸನ್. ಸರ್ಕಾರದ ಚಾಕರಿ ಮಾಡಿ ನಿವೃತ್ತನಾದ ಬಡಪಾಯಿ ತನ್ನ ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುತ್ತಾನೆ. ಇತ್ತ ಹೆಂಡತಿಯ ಸಕ್ಕರೆ ಕಾಯಿಲೆಯ ಹುಣ್ಣು ಕಾಲಿಗೆ ಏರುತ್ತದೆ. ಕೊನೆಗೆ ಆ ಕಾಲನ್ನು ಕಡಿದುಕೊಡೆಂದು ಕಟುಕನ ಮುಂದೆ ನಿಲ್ಲುತ್ತಾನೆ. ಈ ಚಿತ್ರದಲ್ಲಿ ನನ್ನನ್ನು ಬೆಚ್ಚಿಸಿದ್ದು ಕಟುಕನಲ್ಲ, ಗುಮಾಸ್ತರು. ಯಾರೂ ರಾಕ್ಷಸರಲ್ಲ. ಪ್ರತಿಯೊಬ್ಬನೂ ತನ್ನ ಮೇಜಿನ ನಿಯಮವನ್ನು ಹೇಳುತ್ತಾನೆ, ಅಷ್ಟೆ.

ನಮ್ಮ ತರಗತಿಯ ಅರ್ಧಕ್ಕರ್ಧ ಜನ ಪ್ರಥಮ ದರ್ಜೆ, ದ್ವಿತೀಯ ದರ್ಜೆ ಸಹಾಯಕರ ಪರೀಕ್ಷೆಗೆ ಓದುತ್ತಿದ್ದೇವೆ. ನಾನೂ ಓದುತ್ತಿದ್ದೇನೆ. ಆ ಮೇಜಿನ ಆಚೆಗೆ ಒಂದು ಕುರ್ಚಿ ಸಿಗಲೆಂದೇ ಅವ್ವ ಹರಕೆ ಹೊತ್ತಿರುವುದು. ಕಥೆಯನ್ನು ಓದಿದಾಗ ತಬರನಿಗಾಗಿ ಮರುಗಿದ್ದೆ. ಚಿತ್ರ ನೋಡಿದಾಗ ಅವನು ಕಾಯುವ ಹೊತ್ತನ್ನೆಲ್ಲ ನಾನೂ ಅವನೊಂದಿಗೆ ಕಾಯಬೇಕಾಯಿತು. ಆ ಕಾಯುವಿಕೆ ನನ್ನ ಮೈಯಲ್ಲಿ ಉಳಿದಿದೆ.

ನಮ್ಮ ಅಧ್ಯಾಪಕರಲ್ಲಿ ಒಂದು ಅರಿಕೆ. ಪ್ರೊಜೆಕ್ಟರ್ ಇರುವ ಕೊಠಡಿಯ ಬೀಗ ವರ್ಷಕ್ಕೆರಡು ಬಾರಿ ತೆಗೆದರೂ ಸಾಕು, ಪಠ್ಯದ ಕಾದಂಬರಿಗಳ ಚಿತ್ರಗಳನ್ನು ನಾವೆಲ್ಲ ಒಟ್ಟಿಗೆ ನೋಡಬಹುದು. ನೋಡಿದ ಮೇಲೆ ಜಗಳವಾಡಬಹುದು. ಸಾಧ್ಯವಾದರೆ ಆ ದಿನ ನಮ್ಮ ತಂದೆತಾಯಿಗಳನ್ನೂ ಕರೆಯೋಣ. ಕಾಲೇಜಿಗೆ ಅವರು ಬರುವುದು ಪ್ರವೇಶದ ದಿನ ಒಮ್ಮೆ, ಅದೂ ಸಹಿ ಹಾಕುವುದಕ್ಕೆ.

ಸಂಕ್ರಾಂತಿಗೆ ಊರಿಗೆ ಹೋದಾಗ ಅವ್ವನಿಗೆ ತಬರನ ಚಿತ್ರ ತೋರಿಸಿದೆ. ಮುಗಿದ ಮೇಲೆ, “ಇದಕ್ಕೂ ಪುಸ್ತಕ ಐತಾ?” ಎಂದಳು. ಇದೆಯೆಂದೆ. “ಓದಿ ಹೇಳು ಹಂಗಾರೆ. ಸಿನಿಮಾದೋರು ಏನು ಬಿಟ್ಟವ್ರೆ ನೋಡಾನ.” ಚೀಲದಿಂದ ಪುಸ್ತಕ ತೆಗೆದು ದೀಪದ ಕೆಳಗೆ ಕೂತು ಓದತೊಡಗಿದೆ. ಎರಡನೆಯ ಪುಟಕ್ಕೇ ತಡೆದಳು: “ಅಷ್ಟು ಬೇಗ ಬೇಡ. ನಿಧಾನಕ್ಕೆ ಓದು.”