ಮಾಲ್ದೀವ್ಸ್ ಲೆಕ್ಕಾಚಾರದಲ್ಲಿ ಬೆಂಗಳೂರಿನ ಪಾಲು

2024ರ ಮೇ 10ರ ಗಡುವಿನೊಳಗೆ ಭಾರತದ ಕೊನೆಯ ಸೈನಿಕರ ತಂಡ ಮಾಲ್ದೀವ್ಸ್ ಬಿಟ್ಟು ಬಂತು. ‘ಇಂಡಿಯಾ ಔಟ್’ ಎಂಬ ಕೂಗಿನ ಬೆನ್ನೇರಿ ಚುನಾವಣೆ ಗೆದ್ದಿದ್ದ ಅಧ್ಯಕ್ಷ ಮೊಹಮದ್ ಮುಯಿಜು ತಮ್ಮ ಮತದಾರರಿಗೆ ಕೊಟ್ಟ ಮಾತು ಉಳಿಸಿಕೊಂಡರು. ಆದರೆ ಆ ಸೈನಿಕರು ನೋಡಿಕೊಳ್ಳುತ್ತಿದ್ದ ಎರಡು ಧ್ರುವ ಹೆಲಿಕಾಪ್ಟರ್‌ಗಳು, ಒಂದು ಡಾರ್ನಿಯರ್ ವಿಮಾನ ಅಲ್ಲೇ ಉಳಿದವು. ಅವುಗಳ ನಿರ್ವಹಣೆಗೆ ಭಾರತೀಯರೇ ಮತ್ತೆ ಹೋದರು, ಈ ಬಾರಿ ಸಮವಸ್ತ್ರವಿಲ್ಲದೆ. 76 ಸೈನಿಕರ ಜಾಗಕ್ಕೆ ಹೆಲಿಕಾಪ್ಟರ್ ತಯಾರಿಸಿದ ಎಚ್‌ಎಎಲ್‌ನ ನಾಗರಿಕ ಸಿಬ್ಬಂದಿ ಬಂದಿದ್ದಾರೆ ಎಂದು ಆಗಿನ ವಿದೇಶಾಂಗ ಸಚಿವ ಮೂಸಾ ಜಮೀರ್ ಹೇಳಿದರು.

ಎಚ್‌ಎಎಲ್ ಅಂದರೆ ಬೆಂಗಳೂರು. ಹಲಸೂರು, ಇಂದಿರಾನಗರ ದಾಟಿ ಹಳೇ ವಿಮಾನ ನಿಲ್ದಾಣ ರಸ್ತೆ ಹಿಡಿದವರಿಗೆಲ್ಲ ಗೊತ್ತಿರುವ ಹೆಸರು. ಧ್ರುವ ಮೊದಲ ಬಾರಿ ಹಾರಿದ್ದೂ ಇಲ್ಲೇ, 1992ರ ಆಗಸ್ಟ್‌ನಲ್ಲಿ. ಅಂಥ ಎರಡು ಹೆಲಿಕಾಪ್ಟರ್‌ಗಳನ್ನು ಭಾರತ 2010ರಲ್ಲಿ ಒಂದು, 2013ರಲ್ಲಿ ಇನ್ನೊಂದು ಎಂದು ಮಾಲ್ದೀವ್ಸ್‌ಗೆ ಕೊಟ್ಟಿತು. ಆ ದೇಶ ಉತ್ತರದಿಂದ ದಕ್ಷಿಣಕ್ಕೆ 800 ಕಿಲೋಮೀಟರಿಗೂ ಉದ್ದ. 1,192 ದ್ವೀಪಗಳ ಪೈಕಿ ಜನವಸತಿ ಇರುವುದು ಇನ್ನೂರಕ್ಕೂ ಕಡಿಮೆ ಕಡೆ. ದೊಡ್ಡ ಆಸ್ಪತ್ರೆ ಬೇಕೆಂದರೆ ರಾಜಧಾನಿ ಮಾಲೆಗೇ ಹೋಗಬೇಕು. ದೂರದ ದ್ವೀಪದಲ್ಲಿ ರಾತ್ರಿ ಹೆರಿಗೆ ಕಷ್ಟವಾದರೆ, ಯಾರಿಗಾದರೂ ಪಾರ್ಶ್ವವಾಯು ಬಡಿದರೆ ಹೆಲಿಕಾಪ್ಟರ್ ಬರುತ್ತದೋ ಇಲ್ಲವೋ ಎಂಬುದೇ ಬದುಕು-ಸಾವಿನ ಪ್ರಶ್ನೆ. ಮುಯಿಜು ಸರ್ಕಾರ ಸೈನಿಕರನ್ನು ಕಳಿಸಿ ಹೆಲಿಕಾಪ್ಟರ್ ಉಳಿಸಿಕೊಂಡದ್ದಕ್ಕೆ ಕಾರಣವನ್ನು ಬೇರೆಲ್ಲೂ ಹುಡುಕಬೇಕಾಗಿಲ್ಲ.

2024ರ ಜನವರಿಯಲ್ಲಿ ಕನ್ನಡದ ಸುದ್ದಿ ವಾಹಿನಿಗಳಲ್ಲಿ, ಸಾಮಾಜಿಕ ಜಾಲತಾಣಗಳಲ್ಲಿ ಕೇಳಿಸಿದ್ದು ಬೇರೆಯದೇ ಮಾತು. ಪ್ರಧಾನಿ ನರೇಂದ್ರ ಮೋದಿ ಲಕ್ಷದ್ವೀಪಕ್ಕೆ ಹೋಗಿ ಬಂದರು, ಮಾಲ್ದೀವ್ಸ್‌ನ ಮೂವರು ಉಪ ಸಚಿವರು ಅವಹೇಳನಕಾರಿಯಾಗಿ ಬರೆದು ಅಮಾನತುಗೊಂಡರು, ಇಲ್ಲಿ ಬಹಿಷ್ಕಾರದ ಕರೆ ಮೊಳಗಿತು. ಕರೆ ಪರಿಣಾಮ ಬೀರಿತೆಂಬುದು ನಿಜ. 2023ರಲ್ಲಿ ಅಲ್ಲಿಗೆ ಹೋದ ಪ್ರವಾಸಿಗರಲ್ಲಿ ಭಾರತೀಯರೇ ಮೊದಲಿಗರು, 2 ಲಕ್ಷಕ್ಕೂ ಹೆಚ್ಚು ಮಂದಿ. ಮರುವರ್ಷ ಆ ಸಂಖ್ಯೆ ಸುಮಾರು 1.30 ಲಕ್ಷಕ್ಕೆ ಇಳಿಯಿತು. ಆದರೆ ಆ ಗದ್ದಲದಲ್ಲಿ ಯಾರೂ ಕೇಳದೇ ಹೋದ ಪ್ರಶ್ನೆಯೊಂದಿತ್ತು: ಐದು ಲಕ್ಷ ಚಿಲ್ಲರೆ ಜನರ ದೇಶವೊಂದು ಭಾರತ, ಚೀನಾ ಎಂಬ ಎರಡು ದೈತ್ಯ ದೇಶಗಳ ನಡುವೆ ಹೇಗೆ ಬದುಕಬೇಕು?

ಇದು ಮಾಲ್ದೀವ್ಸ್ ಒಂದರ ಪ್ರಶ್ನೆಯಲ್ಲ. ಅದೇ ತಿಂಗಳು ಪೆಸಿಫಿಕ್ ಸಾಗರದ ನೌರು ತೈವಾನ್ ಜೊತೆಗಿನ ನಂಟು ಕಡಿದುಕೊಂಡು ಚೀನಾದ ಕಡೆ ವಾಲಿತು. ಪುಟ್ಟ ದ್ವೀಪ ರಾಷ್ಟ್ರಗಳ ಕೈಯಲ್ಲಿ ದೊಡ್ಡ ಸೈನ್ಯವಿಲ್ಲ, ದೊಡ್ಡ ಕಾರ್ಖಾನೆಗಳಿಲ್ಲ. ಇರುವುದು ಸಮುದ್ರ, ಭೂಪಟದಲ್ಲಿ ಆಯಕಟ್ಟಿನ ಒಂದು ಜಾಗ, ವಿಶ್ವಸಂಸ್ಥೆಯಲ್ಲಿ ಒಂದು ಮತ. ಇವಿಷ್ಟನ್ನೇ ಬಂಡವಾಳ ಮಾಡಿಕೊಂಡು ಅವು ಅಕ್ಕಿ, ಸಾಲ, ಔಷಧ, ಸೇತುವೆ ತರಬೇಕು. ದೊಡ್ಡ ದೇಶದಲ್ಲಿ ಕೂತವರಿಗೆ ಇದು ಕೃತಘ್ನತೆಯಂತೆ ಕಾಣಬಹುದು. ದ್ವೀಪದವರಿಗೆ ಇದು ಸಂಸಾರ ತೂಗಿಸುವ ದಾರಿ.

ಕರ್ನಾಟಕಕ್ಕೆ ಇದು ತೀರಾ ಅಪರಿಚಿತ ಸಂಗತಿಯಲ್ಲ. ಲಕ್ಷದ್ವೀಪದ ಉತ್ತರ ಭಾಗದ ಅಮಿನಿದಿವಿ ದ್ವೀಪಗಳ ಜನ ಕಣ್ಣೂರಿನ ಅಲಿ ರಾಜ ಮನೆತನದ ಕಾಟ ತಾಳಲಾರದೆ 1783ರಲ್ಲಿ ಮಂಗಳೂರಿಗೆ ಬಂದು ಟಿಪ್ಪು ಸುಲ್ತಾನನ ಮೊರೆಹೊಕ್ಕರು. ಆ ದ್ವೀಪಗಳು ಮೈಸೂರಿನ ಆಳ್ವಿಕೆಗೆ ಸೇರಿದವು. 1799ರಲ್ಲಿ ಟಿಪ್ಪು ಮಡಿದ ಮೇಲೆ ಬ್ರಿಟಿಷರ ವಶವಾದರೂ 1956ರವರೆಗೆ ಅವುಗಳ ಆಡಳಿತ ನಡೆದದ್ದು ಮಂಗಳೂರಿನಿಂದ, ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿ. ದ್ವೀಪದವರು ತೆಂಗಿನ ನಾರಿನ ಹುರಿಯನ್ನು ಓಡಗಳಲ್ಲಿ ತುಂಬಿ ಮಂಗಳೂರಿಗೆ ತರುತ್ತಿದ್ದರು, ಸರ್ಕಾರಿ ಉಗ್ರಾಣಕ್ಕೆ ಹಾಕಿ ಬದಲಿಗೆ ಅಕ್ಕಿ ಒಯ್ಯುತ್ತಿದ್ದರು. ಹುರಿಯ ಏಕಸ್ವಾಮ್ಯ ಸರ್ಕಾರದ್ದೇ, ಹುರಿಗೆ ಎಷ್ಟು ಅಕ್ಕಿ ಎಂದು ಗೊತ್ತುಮಾಡುತ್ತಿದ್ದುದೂ ಸರ್ಕಾರವೇ. ಕೊಳ್ಳುವವನೂ ಮಾರುವವನೂ ಒಬ್ಬನೇ ಆದಾಗ ದ್ವೀಪದವನ ಗತಿ ಏನು ಎಂಬುದು ಮಂಗಳೂರಿನ ಬಂದರಿಗೆ ತಿಳಿದಿತ್ತು. ಒಬ್ಬನೇ ಗಿರಾಕಿ, ಒಬ್ಬನೇ ಸಾಹುಕಾರ ಬೇಡ ಎಂಬ ಎಚ್ಚರ ಇವತ್ತಿನ ಮಾಲ್ದೀವ್ಸ್‌ಗೂ ಇದೆ. ಅದೇ ಅಲಿ ರಾಜನ ಪಡೆ 1752ರಲ್ಲಿ ಮಾಲೆಯನ್ನು ಹಿಡಿದು ಅಲ್ಲಿನ ಸುಲ್ತಾನನನ್ನು ಸೆರೆ ಒಯ್ದಿತ್ತು. ಅವರನ್ನು ಓಡಿಸಿದ ಡಾನ್ ಬಂಡಾರ ಆ ದೇಶದ ರಾಷ್ಟ್ರೀಯ ವೀರರಲ್ಲೊಬ್ಬ. ಉತ್ತರದ ಕರಾವಳಿಯಿಂದ ಬರುವ ಹಡಗಿನ ಬಗ್ಗೆ ಅಲ್ಲಿನ ನೆನಪಿನಲ್ಲಿ ಅಕ್ಕಿಯೂ ಇದೆ, ಭಯವೂ ಇದೆ.

ಬೆಂಗಳೂರಿನ ಬೆನ್ಸನ್ ಟೌನ್ ಸುತ್ತಮುತ್ತಲೂ ಮಾಲ್ದೀವ್ಸ್ ನಂಟಿನ ಕುರುಹುಗಳು ಸಿಗುತ್ತವೆ. ಜಯಮಹಲ್ ದಾಟಿದರೆ ಜೆ.ಸಿ. ನಗರದಲ್ಲಿ ಪ್ಯಾರಾಚೂಟ್ ರೆಜಿಮೆಂಟ್‌ನ ತರಬೇತಿ ಕೇಂದ್ರವಿದೆ. 1992ರಲ್ಲಿ ಅದು ಆಗ್ರಾದಿಂದ ಇಲ್ಲಿಗೆ ಬಂತು. ಅದಕ್ಕೆ ನಾಲ್ಕು ವರ್ಷ ಮೊದಲು, 1988ರ ನವೆಂಬರ್ 3ರಂದು, ಶ್ರೀಲಂಕಾದ ಪ್ಲಾಟ್ ಸಂಘಟನೆಯ ಬಾಡಿಗೆ ಬಂಟರು ಮಾಲೆಗೆ ನುಗ್ಗಿ ಅಧ್ಯಕ್ಷ ಮೌಮೂನ್ ಅಬ್ದುಲ್ ಗಯೂಮ್ ಸರ್ಕಾರವನ್ನು ಉರುಳಿಸಲು ಹೊರಟಿದ್ದರು. ಗಯೂಮ್ ನೆರವು ಕೇಳಿದ ದಿನದ ರಾತ್ರಿಯೇ ಬ್ರಿಗೇಡಿಯರ್ ಫಾರೂಕ್ ಬುಲ್ಸಾರಾ ನೇತೃತ್ವದ ಪ್ಯಾರಾಟ್ರೂಪರ್‌ಗಳು ಆಗ್ರಾದಿಂದ ಐಎಲ್-76 ವಿಮಾನಗಳಲ್ಲಿ ಎಲ್ಲೂ ನಿಲ್ಲದೆ ಹಾರಿ ಹುಲುಲೆ ದ್ವೀಪದ ರನ್‌ವೇಯಲ್ಲಿ ಇಳಿದರು. ಒತ್ತೆಯಾಳುಗಳೊಂದಿಗೆ ಹಡಗೇರಿ ಪಾರಾಗುತ್ತಿದ್ದವರನ್ನು ನೌಕಾಪಡೆಯ ಗೋದಾವರಿ, ಬೇತ್ವಾ ಅಡ್ಡಗಟ್ಟಿದವು. ಕೆಲಸ ಮುಗಿಸಿ ಸೈನಿಕರು ವಾಪಸು ಬಂದರು. ವಾಪಸು ಬಂದದ್ದೇ ಭಾರತಕ್ಕೆ ದೊಡ್ಡ ಹೆಸರು ತಂದಿತು.

ಅದೇ ಹುಲುಲೆ ರನ್‌ವೇ ಮುಂದೆ ಬೆಂಗಳೂರಿಗೆ ಕಹಿಯಾದ ಇನ್ನೊಂದು ಪಾಠ ಕಲಿಸಿತು. 2010ರಲ್ಲಿ ಮಾಲೆ ವಿಮಾನ ನಿಲ್ದಾಣವನ್ನು 25 ವರ್ಷ ನಡೆಸುವ ಗುತ್ತಿಗೆ ಜಿಎಂಆರ್ ನೇತೃತ್ವದ ಕೂಟಕ್ಕೆ ಸಿಕ್ಕಿತು. ಮ್ಯೂಸಿಯಂ ರಸ್ತೆಯ ಸ್ಕಿಪ್ ಹೌಸ್ ವಿಳಾಸದ ಜಿಎಂಆರ್ ಆಗ ಬೆಂಗಳೂರಿನ ಕಂಪನಿ. ಮೊತ್ತ 50 ಕೋಟಿ ಡಾಲರಿಗೂ ಹೆಚ್ಚು. ಹೊರಡುವ ಪ್ರತಿ ಅಂತರರಾಷ್ಟ್ರೀಯ ಪ್ರಯಾಣಿಕನಿಂದ 25 ಡಾಲರ್ ಅಭಿವೃದ್ಧಿ ಶುಲ್ಕ ಎಂಬ ಒಂದು ಅಂಶ ರಾಜಕೀಯದ ಕಿಡಿಯಾಯಿತು. ನಮ್ಮ ಏಕೈಕ ಹೆಬ್ಬಾಗಿಲನ್ನು ಹೊರಗಿನವರಿಗೆ ಒಪ್ಪಿಸಿದರು ಎಂಬ ಕೂಗೆದ್ದಿತು, ಶುಲ್ಕ ಕೋರ್ಟಿನಲ್ಲಿ ಬಿದ್ದುಹೋಯಿತು, 2012ರ ಫೆಬ್ರುವರಿಯಲ್ಲಿ ಅಧ್ಯಕ್ಷ ಮೊಹಮದ್ ನಶೀದ್ ಅಧಿಕಾರ ಕಳೆದುಕೊಂಡರು. ಆ ವರ್ಷದ ನವೆಂಬರಿನಲ್ಲಿ ಹೊಸ ಸರ್ಕಾರ ಗುತ್ತಿಗೆಯನ್ನೇ ರದ್ದುಪಡಿಸಿತು. ಮಧ್ಯಸ್ಥಿಕೆ ನ್ಯಾಯಮಂಡಳಿ ಕಂಪನಿಯ ಪರ ನಿಂತು, 2016ರಲ್ಲಿ ಸುಮಾರು 27 ಕೋಟಿ ಡಾಲರ್ ಪರಿಹಾರ ಕೊಡಿಸಿತು. ಅಷ್ಟರಲ್ಲಿ ನಿಲ್ದಾಣದ ಹೊಸ ರನ್‌ವೇ ಕಾಮಗಾರಿ ಬೀಜಿಂಗಿನ ಕಂಪನಿಯೊಂದರ ಪಾಲಾಗಿತ್ತು.

ಕಾನೂನಿನಲ್ಲಿ ಜಿಎಂಆರ್ ಗೆದ್ದಿತು. ಆದರೆ ಪುಟ್ಟ ದೇಶದ ಒಂದೇ ದೊಡ್ಡ ಆಸ್ತಿಯನ್ನು ಹೊರಗಿನ ಕಂಪನಿ ಕೈಗೆ ತೆಗೆದುಕೊಂಡಾಗ ಕಾಗದದ ಮೇಲಿನ ಕರಾರಿಗಿಂತ ಜನರ ಮನಸ್ಸಿನಲ್ಲಿರುವ ಅಳುಕು ಬಲವಾಗಿರುತ್ತದೆ ಎಂಬುದು ಅಲ್ಲಿ ಸಾಬೀತಾಯಿತು. ಸೈನಿಕರ ವಿಷಯದಲ್ಲೂ ಆದದ್ದು ಇದೇ. 76 ಜನರಿಂದ ಯಾವ ದೇಶವನ್ನೂ ಆಕ್ರಮಿಸಲಾಗದು. ಆದರೂ ಪರದೇಶದ ಸಮವಸ್ತ್ರ ಕಣ್ಣಿಗೆ ಬೀಳುವುದು ಬೇರೆ, ಪರದೇಶದ ಮೆಕ್ಯಾನಿಕ್ ರೆಕ್ಕೆ ಬಿಚ್ಚಿ ಜೋಡಿಸುವುದು ಬೇರೆ. ಎಚ್‌ಎಎಲ್ ಸಿಬ್ಬಂದಿಯನ್ನು ಕಳಿಸುವ ಏರ್ಪಾಟಿಗೆ ದೆಹಲಿ ಒಪ್ಪಿದ್ದು ಈ ಬಿಕ್ಕಟ್ಟಿನಲ್ಲಿ ಭಾರತ ಇಟ್ಟ ಅತ್ಯಂತ ಜಾಣ ಹೆಜ್ಜೆ.

ಮಾತಿಗಿಂತ ಸಾಮಾನು ಹೆಚ್ಚು ಕೆಲಸ ಮಾಡಿತೆಂಬುದಕ್ಕೆ ಇನ್ನೂ ಪುರಾವೆಗಳಿವೆ. ಸಂಬಂಧ ತೀರಾ ಹಳಸಿದ್ದ 2024ರ ಏಪ್ರಿಲ್‌ನಲ್ಲಿ, ದೇಶದೊಳಗೆ ಈರುಳ್ಳಿ ರಫ್ತಿಗೆ ನಿಷೇಧವಿದ್ದಾಗಲೇ, ಭಾರತ ಮಾಲ್ದೀವ್ಸ್‌ಗೆ ಆ ವರ್ಷದ ಅಗತ್ಯ ವಸ್ತುಗಳ ಪ್ರಮಾಣ ಪ್ರಕಟಿಸಿತು: 1.24 ಲಕ್ಷ ಟನ್ ಅಕ್ಕಿ, 35,749 ಟನ್ ಈರುಳ್ಳಿ, 42.75 ಕೋಟಿ ಮೊಟ್ಟೆ, 10 ಲಕ್ಷ ಟನ್ ನದಿ ಮರಳು. 1981ರಲ್ಲಿ ಈ ವ್ಯವಸ್ಥೆ ಶುರುವಾದಾಗಿನಿಂದ ಇಷ್ಟು ದೊಡ್ಡ ಪ್ರಮಾಣ ಕೊಟ್ಟದ್ದಿಲ್ಲ. 2014ರ ಡಿಸೆಂಬರಿನಲ್ಲಿ ಮಾಲೆಯ ಸಮುದ್ರದ ನೀರು ಸಿಹಿಗೊಳಿಸುವ ಘಟಕಕ್ಕೆ ಬೆಂಕಿ ಬಿದ್ದಾಗ ವಿಮಾನದಲ್ಲಿ, ಹಡಗಿನಲ್ಲಿ ಕುಡಿಯುವ ನೀರು ಕಳಿಸಿದ್ದೂ ಭಾರತವೇ. ಆಗ ಅಧಿಕಾರದಲ್ಲಿದ್ದ ಅಬ್ದುಲ್ಲಾ ಯಾಮೀನ್ ಚೀನಾದ ಕಡೆ ವಾಲಿದ್ದವರು.

ಅಧಿಕಾರಕ್ಕೆ ಬಂದ ಮುಯಿಜು ಮೊದಲು ಟರ್ಕಿಗೆ, ಬಳಿಕ ಚೀನಾಕ್ಕೆ ಹೋದರು. ಚೀನಾದ ಸಂಶೋಧನಾ ಹಡಗು ಮಾಲೆಯಲ್ಲಿ ಲಂಗರು ಹಾಕಿತು. 2024ರ ಏಪ್ರಿಲ್‌ನಲ್ಲಿ ಅವರ ಪಕ್ಷ ಸಂಸತ್ತಿನಲ್ಲಿ ಭಾರಿ ಬಹುಮತ ಪಡೆಯಿತು. ಅಲ್ಲಿಂದಾಚೆಗೆ ಘೋಷಣೆಯ ಅಗತ್ಯ ಮುಗಿದು ಖಜಾನೆಯ ಚಿಂತೆ ಶುರುವಾಯಿತು. ಫಿಚ್ ಸಂಸ್ಥೆ ಕೆಲವೇ ತಿಂಗಳಲ್ಲಿ ಎರಡು ಬಾರಿ ಆ ದೇಶದ ಸಾಲದ ದರ್ಜೆ ಇಳಿಸಿತು. ಜೂನ್‌ನಲ್ಲಿ ಮೋದಿ ಪ್ರಮಾಣವಚನಕ್ಕೆ ಮುಯಿಜು ಬಂದರು. ಅಕ್ಟೋಬರಿನ ಭೇಟಿಯಲ್ಲಿ 40 ಕೋಟಿ ಡಾಲರ್ ಹಾಗೂ 3,000 ಕೋಟಿ ರೂಪಾಯಿಗಳ ಕರೆನ್ಸಿ ವಿನಿಮಯ ಒಪ್ಪಂದವಾಯಿತು. 2025ರ ಜುಲೈನಲ್ಲಿ ಮಾಲ್ದೀವ್ಸ್‌ನ 60ನೇ ಸ್ವಾತಂತ್ರ್ಯೋತ್ಸವಕ್ಕೆ ಮೋದಿಯೇ ಮುಖ್ಯ ಅತಿಥಿಯಾದರು, 4,850 ಕೋಟಿ ರೂಪಾಯಿ ಸಾಲ ಘೋಷಣೆಯಾಯಿತು. ಇದರ ನಡುವೆಯೇ, 2025ರ ಜನವರಿ 1ರಿಂದ, ಚೀನಾ ಜೊತೆಗಿನ ಮುಕ್ತ ವ್ಯಾಪಾರ ಒಪ್ಪಂದವೂ ಜಾರಿಗೆ ಬಂತು. ಮುಯಿಜು ಭಾರತಕ್ಕೆ ಶರಣಾದರು ಎಂದು ಇಲ್ಲಿ ಬೀಗಿದವರು ಈ ಕೊನೆಯ ಸಂಗತಿಯನ್ನು ಗಮನಿಸಲಿಲ್ಲ.

ಅಕ್ಟೋಬರಿನ ಆ ಭೇಟಿಯಲ್ಲಿ ಮುಯಿಜು ದೆಹಲಿ, ಆಗ್ರಾ, ಮುಂಬೈ ಮುಗಿಸಿ ಬೆಂಗಳೂರಿಗೂ ಬಂದರು. ರಾಜ್ಯಪಾಲ ಥಾವರಚಂದ್ ಗೆಹಲೋತ್ ಅವರಿಗೆ ಆತಿಥ್ಯ ನೀಡಿದರು. ಎರಡು ದಿನ ಮೊದಲು ದೆಹಲಿಯಲ್ಲಿ ಹೊರಬಿದ್ದ ಜಂಟಿ ಮುನ್ನೋಟದಲ್ಲಿ ಈ ಊರಿಗೆ ನೇರವಾಗಿ ಸಂಬಂಧಿಸಿದ ಒಂದು ಸಾಲಿತ್ತು: ಬೆಂಗಳೂರಿನಲ್ಲಿ ಮಾಲ್ದೀವ್ಸ್ ಕಾನ್ಸುಲೇಟ್, ಅಡ್ಡು ನಗರದಲ್ಲಿ ಭಾರತದ ಕಾನ್ಸುಲೇಟ್.

ಈ ಎರಡು ಊರುಗಳನ್ನು ಒಂದೇ ಸಾಲಿನಲ್ಲಿ ಪೋಣಿಸಿದ್ದು ಸುಮ್ಮನೆ ಅಲ್ಲ. ಅಡ್ಡು ಭೂಮಧ್ಯರೇಖೆಯ ದಕ್ಷಿಣಕ್ಕಿರುವ ಹವಳ ದ್ವೀಪಗಳ ಗುಂಪು. ಅಲ್ಲಿನ ಗಾನ್ ದ್ವೀಪದಲ್ಲಿ 1976ರವರೆಗೆ ಬ್ರಿಟನ್ನಿನ ವಾಯುನೆಲೆ ಇತ್ತು. ನೆಲೆಯ ದುಡಿಮೆಯನ್ನು ನೆಚ್ಚಿದ್ದ ದಕ್ಷಿಣದ ಜನ ಮಾಲೆಯ ವಿರುದ್ಧ ಸಿಡಿದು 1959ರಲ್ಲಿ ಸುವದೀವ್ ಎಂಬ ಪ್ರತ್ಯೇಕ ಗಣರಾಜ್ಯವನ್ನೇ ಘೋಷಿಸಿಕೊಂಡಿದ್ದರು. 1963ರಲ್ಲಿ ಅದು ಕುಸಿಯಿತು, ಅದರ ನಾಯಕ ಅಬ್ದುಲ್ಲಾ ಅಫೀಫ್ ಸೇಶೆಲ್ಸ್‌ಗೆ ಗಡಿಪಾರಾದ. ಬ್ರಿಟಿಷರು ಹೋದ ಮೇಲೆ ಗಾನ್ ನೆಲೆಯನ್ನು ವರ್ಷಕ್ಕೆ 10 ಲಕ್ಷ ಡಾಲರಿಗೆ ಬಾಡಿಗೆ ಕೊಡಿ ಎಂದು ಸೋವಿಯತ್ ಒಕ್ಕೂಟ ಕೇಳಿತು. ಅಧ್ಯಕ್ಷ ಇಬ್ರಾಹಿಂ ನಾಸಿರ್ ಬೇಡವೆಂದರು. ಬಡ ದೇಶಕ್ಕೆ ಅದು ಸಣ್ಣ ಮೊತ್ತವಾಗಿರಲಿಲ್ಲ. ಅಂಥ ಊರಿನಲ್ಲಿ ಕಚೇರಿ ತೆರೆಯಲು ಭಾರತದ ಸಚಿವ ಸಂಪುಟ 2021ರ ಮೇ ತಿಂಗಳಲ್ಲಿ ಒಪ್ಪಿಗೆ ಕೊಟ್ಟಾಗ ಅಲ್ಲಿ ಪ್ರತಿಭಟನೆ ಎದ್ದದ್ದು ಸಹಜವೇ ಆಗಿತ್ತು. ದಕ್ಷಿಣದಲ್ಲಿ ವಿದೇಶಿ ಕಚೇರಿ ಎಂದರೆ ಮಾಲೆಯವರಿಗೆ ನೆನಪಾಗುವುದು ಹಳೆಯ ಒಡಕು. ಬೆಂಗಳೂರನ್ನು ಜೊತೆಗೆ ಸೇರಿಸಿದ್ದರಿಂದ ಒತ್ತಾಯದಂತೆ ಕಾಣುತ್ತಿದ್ದದ್ದು ಕೊಡು-ಕೊಳ್ಳುವ ಮಾತಾಯಿತು.

ಹಾಗಾದರೆ ಬೆಂಗಳೂರಿನ ಹೊಣೆ ಏನು? ಮಾಲ್ದೀವ್ಸ್ ಜನ ಇಲ್ಲಿಗೆ ಬರುವುದು ಓದಿಗೆ, ಚಿಕಿತ್ಸೆಗೆ. 2012ರಲ್ಲಿ ಶುರುವಾದ ‘ಆಸಂಧ’ ಎಂಬ ಸರ್ಕಾರಿ ಆರೋಗ್ಯ ವಿಮೆ ಭಾರತದ ಆಯ್ದ ಆಸ್ಪತ್ರೆಗಳಲ್ಲಿನ ಚಿಕಿತ್ಸೆಯ ಖರ್ಚನ್ನೂ ಭರಿಸುತ್ತದೆ. 2019ರ ಮಾರ್ಚ್‌ನಿಂದ ಓದು, ಚಿಕಿತ್ಸೆ, ವ್ಯಾಪಾರಕ್ಕೆ ಬರುವವರಿಗೆ ವೀಸಾ ನಿಯಮವೂ ಸಡಿಲವಾಗಿದೆ. ಹಾಗೆ ಬಂದವರು ಬೆನ್ಸನ್ ಟೌನ್, ಫ್ರೇಜರ್ ಟೌನ್ ಕಡೆ ಒಂದು ಕೋಣೆ ಬಾಡಿಗೆಗೆ ಹಿಡಿದರೆ ಮಾಲೀಕ 24 ಗಂಟೆಯೊಳಗೆ ಅವರ ವಿವರವನ್ನು ಅಧಿಕಾರಿಗಳಿಗೆ ಸಲ್ಲಿಸಬೇಕು. ದೀರ್ಘ ವೀಸಾದ ವಿದ್ಯಾರ್ಥಿ ವಿದೇಶಿಯರ ನೋಂದಣಿ ಕಚೇರಿಯಲ್ಲಿ (ಎಫ್‌ಆರ್‌ಆರ್‌ಒ) ನೋಂದಾಯಿಸಿಕೊಳ್ಳಬೇಕು. ವಿವರ ಸಲ್ಲಿಸುವುದೆಂದರೆ ಪೊಲೀಸ್ ತಾಪತ್ರಯ ಎಂದು ಹೆದರುವ ಮಾಲೀಕ ಮನೆಯನ್ನೇ ಕೊಡಲೊಲ್ಲ. ಮಾಲ್ದೀವ್ಸ್‌ನ ಯುವಕ ಭಾರತದ ಬಗ್ಗೆ ಏನು ಅಭಿಪ್ರಾಯ ಇಟ್ಟುಕೊಂಡು ಊರಿಗೆ ಮರಳುತ್ತಾನೆ ಎಂಬುದು ಜಂಟಿ ಹೇಳಿಕೆಗಿಂತ ಇಂಥ ಅನುಭವದ ಮೇಲೆ ನಿಂತಿರುತ್ತದೆ. ಹಾಗೆ ಮರಳಿದವರಲ್ಲೇ ಮುಂದೆ ಅಧಿಕಾರಿಗಳು, ಸಚಿವರು ಬರುತ್ತಾರೆ.

ವಿದೇಶಾಂಗ ನೀತಿ ಕೇಂದ್ರದ ವಿಷಯ ಎಂದು ರಾಜ್ಯ ಸರ್ಕಾರ ಕೈಕಟ್ಟಿ ಕೂರಬಾರದು. ಮನೆ ಬಾಡಿಗೆ, ಪೊಲೀಸ್ ಠಾಣೆ, ಆಸ್ಪತ್ರೆಯ ಬಿಲ್ಲು, ಕಾಲೇಜಿನ ಶುಲ್ಕ ಎಲ್ಲವೂ ಇಲ್ಲಿನವೇ. ಮಾಲ್ದೀವ್ಸ್ ಕಾನ್ಸುಲೇಟಿನ ಜೊತೆ ಮಾತಾಡಲು ಒಬ್ಬ ಹಿರಿಯ ಅಧಿಕಾರಿಯನ್ನು ಸರ್ಕಾರ ಗೊತ್ತುಮಾಡಲಿ. ವಿದೇಶಿ ವಿದ್ಯಾರ್ಥಿಗಳಿಗೆ ಮನೆ ಕೊಡುವವರಿಗಾಗಿ ಈ ವಿವರ ಸಲ್ಲಿಸುವ ಬಗೆಯ ಮಾಹಿತಿಯನ್ನು ಪೊಲೀಸ್ ಇಲಾಖೆ ಕನ್ನಡ, ಉರ್ದು, ತಮಿಳಿನಲ್ಲಿ ಠಾಣೆಗಳಲ್ಲಿ ಹಂಚಲಿ. ವಿದೇಶಿ ರೋಗಿಗಳ ವಿಷಯದಲ್ಲಿ ಮಧ್ಯವರ್ತಿಗಳು ಹಣ ಕೀಳುತ್ತಿದ್ದಾರೆಯೇ ಎಂದು ಆರೋಗ್ಯ ಇಲಾಖೆ ವಿಚಾರಿಸಲಿ. ಇವಕ್ಕೆ ಯಾವುದಕ್ಕೂ ದೆಹಲಿಯ ಅಪ್ಪಣೆ ಬೇಕಿಲ್ಲ.